ಶಿರಸಿ ನೀರು, ಕಾರವಾರ ನೀರು ಮತ್ತು ಏಳೆಂಟು ಲೋಟ ಚಹಾ

ಒಂದೇ ಅಂಗಡಿಯ ಒಂದೇ ಚಹಾಪುಡಿ. ಶಿರಸಿಯ ಮನೆಯಲ್ಲಿ ಆಯಿ ಮಾಡಿದರೆ ಘಮ್ ಅನ್ನುತ್ತದೆ. ಅದೇ ಪ್ಯಾಕೆಟನ್ನು ಕಾರವಾರದ ಬಾಡಿಗೆ ಮನೆಗೆ ತಂದು ನಾನು ಮಾಡಿದರೆ ಸಪ್ಪೆ. ಕೈಗುಣ ಅಂತ ಆಯಿ ನಗುತ್ತಾಳೆ. ನನಗೆ ನೀರಿನ ಮೇಲೆ ಅನುಮಾನ. ಹೋದ ವರ್ಷ ಏಪ್ರಿಲ್‌ನಲ್ಲಿ 5 ಲೀಟರ್ ಕ್ಯಾನಿನಲ್ಲಿ ನಮ್ಮ ಬಾವಿ ನೀರು ತುಂಬಿಕೊಂಡು ದೇವಿಮನೆ ಘಾಟಿ ಇಳಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು "ತೀರ್ಥವಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ. ಇನ್ನೇನು ಹೇಳೋದು?

ರಾತ್ರಿ ಎರಡು ಪಾತ್ರೆ ಒಲೆಗೇರಿಸಿದೆ. ಎರಡಕ್ಕೂ ಒಂದೊಂದು ಲೋಟ ನೀರು, ಒಂದೊಂದು ಚಮಚ ಪುಡಿ, 3 ನಿಮಿಷ ಕುದಿ. ಹಾಲಿಲ್ಲ, ಸಕ್ಕರೆಯಿಲ್ಲ. ಶಿರಸಿ ನೀರಿನ ಚಹಾ ಲೋಟದ ತಳ ಕಾಣುವಷ್ಟು ತಿಳಿಯಾಗಿತ್ತು. ಕಾರವಾರದ್ದು ಕಪ್ಪಗೆ, ಸ್ವಲ್ಪ ಮಬ್ಬು. ಆರುತ್ತಾ ಬಂದಂತೆ ಮೇಲೆ ತೆಳ್ಳಗೆ ಕೆನೆಯಂಥದ್ದು ಕಟ್ಟಿತು. ನನ್ನ ಮನೆ ಇರುವುದು ಕಾಳಿ ನದಿ ಸಮುದ್ರ ಸೇರುವ ಕಡೆಗೆ. ಬೇಸಿಗೆಯಲ್ಲಿ ನದಿಯ ನೀರು ಇಳಿದಾಗ ಉಪ್ಪುನೀರು ಮೇಲಕ್ಕೆ ಏರುತ್ತದೆ, ದಡದ ಬಾವಿಗಳಿಗೂ ತಾಗುತ್ತದೆ. ಹಾಗೆ ಗಡಸಾದ ನೀರಿನಲ್ಲಿರುವ ಸುಣ್ಣದ ಅಂಶ ಚಹಾದ ಒಗರಿನ ಜೊತೆ ಸೇರಿದರೆ ಮೇಲೆ ಹಾಗೆ ಪದರ ಕಟ್ಟುತ್ತದೆ. ಹಾಲು ಹಾಕಿದ ಮೇಲೆ ವ್ಯತ್ಯಾಸ ಅರ್ಧಕ್ಕೆ ಇಳಿಯಿತು. ಜುಲೈ ಮಳೆ ಹಿಡಿದ ಮೇಲೆ ಮತ್ತೆ ಮಾಡಿ ನೋಡಿದರೆ ವ್ಯತ್ಯಾಸವೇ ಹುಡುಕಬೇಕಿತ್ತು.

ಗೆದ್ದೆ ಅಂದುಕೊಂಡೆ. ಆದರೆ ಏಪ್ರಿಲ್‌ನ ಆ ಕ್ಯಾನಿನಲ್ಲಿ ಇನ್ನೂ ಎರಡು ಲೋಟ ನೀರು ಉಳಿದಿದ್ದಾಗಲೇ ಇನ್ನೊಂದು ಕತೆ ಆಗಿತ್ತು. ಒಂದು ಮಧ್ಯಾಹ್ನ ಬಂಗಡೆ ಸಾರು ಊಟ ಮಾಡಿ (ಮೀನು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಈ ಸುದ್ದಿ ಶಿರಸಿಯವರೆಗೆ ಹೋಗದಿರಲಿ) ಅದೇ ಶಿರಸಿ ನೀರಿನಲ್ಲಿ, ಅದೇ ಅಳತೆಯಲ್ಲಿ ಹಾಲಿನ ಚಹಾ ಮಾಡಿ ಕುಡಿದೆ. ಎರಡು ಗುಟುಕಿಗೆ ಸಾಕಾಯಿತು. ಹಾಲಿನ ವಾಸನೆಯೂ ಮೀನಿನ ಖಾರವೂ ಬಾಯಲ್ಲಿ ಜಗಳಕ್ಕೆ ನಿಂತಿದ್ದವು. ನೀರು ಒಳ್ಳೆಯದೇ, ಪುಡಿಯೂ ಒಳ್ಳೆಯದೇ. ಬಾಯಿ ತಪ್ಪಾಗಿತ್ತು. ಅವತ್ತಿನಿಂದ ಯಾವ ಚಹಾ ಕುಡಿದರೂ ಅದಕ್ಕೆ ಮೊದಲು ಏನು ತಿಂದಿದ್ದೆ ಅಂತ ಒಂದು ಸಾಲು ಬರೆದಿಡತೊಡಗಿದೆ.

ಬೆಳಿಗ್ಗೆ ಖಾಲಿ ಹೊಟ್ಟೆಯದು ಕಷ್ಟದ ಪೈಪೋಟಿ. ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು "ಆಸ್ರಿಗೆ ಎಂತ ಮಾಡ್ಲಿ?" ಅಂತ, ಅಂದರೆ ಕುಡಿಯಲು ಏನು ಮಾಡಲಿ ಅಂತ. ಅದರಲ್ಲಿ ಚಹಾ ಒಂದೇ ಅಲ್ಲ, ಕಷಾಯವೂ ಇದೆ, ಮಜ್ಜಿಗೆಯೂ ಇದೆ. ಕಷಾಯ ಅಂದರೆ ಔಷಧಿಯಲ್ಲ, ಘಟ್ಟದ ಕೆಳಗಿನವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಚೂರು ಮೆಂತ್ಯ, ಒಣಶುಂಠಿ ಹುರಿದು ಪುಡಿ ಮಾಡಿ, ನೀರಿನಲ್ಲಿ ಕುದಿಸಿ, ಬೆಲ್ಲ ಮತ್ತು ಹಾಲು ಹಾಕಿದ್ದು. ಅದರಲ್ಲಿ ಚಹಾ ಎಲೆಯೇ ಇಲ್ಲ, ಆದ್ದರಿಂದ ಈ ಹೋಲಿಕೆಗೆ ಸೇರಿಸೋದು ಮೋಸ. ಆದರೂ ಸೇರಿಸುತ್ತೇನೆ. ಒಂದು ವಾರ ಏಳಕ್ಕೆ ಹಾಲಿನ ಚಹಾ, ಮುಂದಿನ ವಾರ ಏಳಕ್ಕೆ ಕಷಾಯ ಕುಡಿದು ನೋಡಿದೆ. ಚಹಾದ ವಾರ ಕಣ್ಣು ಬೇಗ ಬಿಟ್ಟಿತು, ಆದರೆ ಒಂಬತ್ತಕ್ಕೆ ದೋಸೆ ಎದುರಿಗಿದ್ದರೂ ಎರಡನೆಯದು ಹೋಗುತ್ತಿರಲಿಲ್ಲ. ಕಷಾಯದ ವಾರ ಎಂಟೂವರೆಗೇ ಅಡುಗೆಮನೆ ಸುತ್ತ ತಿರುಗುತ್ತಿದ್ದೆ. ಆಯಿ ಇದನ್ನು ನೋಟ್ ಪುಸ್ತಕ ಇಲ್ಲದೆಯೇ ಹೇಳಿದ್ದಳು: "ಚಾ ಕುಡಿದ್ರೆ ಹಸಿವು ಸಾಯ್ತು, ಕಷಾಯ ಕುಡಿದ್ರೆ ಹುಟ್ತು." ರಜೆಯ ದಿನ ನನ್ನ ಮತ ಕಷಾಯಕ್ಕೆ. ಆಫೀಸಿನ ದಿನ ಚಹಾಕ್ಕೆ, ಯಾಕೆಂದರೆ ಕಷಾಯ ನಿದ್ದೆ ಓಡಿಸುವುದಿಲ್ಲ.

ಹಾಲು ಒಡೆಯುವ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ಮೂರು ಸಲ ಒಡೆಸಿದ್ದೇನೆ. ಹಸಿಶುಂಠಿಯನ್ನು ಹಾಲಿಗೆ ನೇರ ಹಾಕಬಾರದು. ನೀರಿನಲ್ಲಿ ಚೆನ್ನಾಗಿ ಕುದಿಸಿ, ಆಮೇಲೆ ಹಾಲು. ಬೆಲ್ಲವಾದರೆ ಒಲೆ ಆರಿಸಿದ ಮೇಲೆ. ಜೋನಿಬೆಲ್ಲ, ಅಂದರೆ ನೀರುಬೆಲ್ಲವಾದರೆ ಪಾತ್ರೆಗೆ ಬೇಡವೇ ಬೇಡ, ಲೋಟದ ತಳಕ್ಕೆ ಹಾಕಿ ಮೇಲಿಂದ ಚಹಾ ಸುರಿಯುವುದು.

ಮೀನಿನ ಊಟದ ನಂತರ ಏನು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಭಟ್ಕಳದಲ್ಲಿ. ಜೊತೆಗೆ ಕೆಲಸ ಮಾಡುವವರ ಮನೆಯಲ್ಲಿ ಬಿರಿಯಾನಿ ಉಂಡು ಉಸಿರು ಬಿಡಲೂ ಕಷ್ಟವಾಗಿ ಕೂತಿದ್ದೆ. ಚಿಕ್ಕ ಗಾಜಿನ ಲೋಟದಲ್ಲಿ ಸುಲೈಮಾನಿ ಬಂತು. ಹಾಲಿಲ್ಲದ ಚಹಾ, ಏಲಕ್ಕಿ, ಕೊನೆಗೆ ನಿಂಬೆರಸ. ನಿಂಬೆ ಬಿದ್ದ ಕೂಡಲೇ ಕಪ್ಪು ಹೋಗಿ ತಾಮ್ರದ ಬಣ್ಣ ಬರುತ್ತದಲ್ಲ, ಹುಳಿಗೆ ಚಹಾದ ಬಣ್ಣ ತಿಳಿಯಾಗುತ್ತದೆ ಅಂತ ಗೊತ್ತಿದ್ದರೂ ನೋಡಲು ಮೋಜು. ಬಾಯಿಯ ಜಿಡ್ಡೆಲ್ಲ ತೊಳೆದು ಹೋಯಿತು. ಮನೆಗೆ ಬಂದು ಬಂಗಡೆ ಸಾರಿನ ನಂತರ ಹಾಲಿನ ಚಹಾ ಒಂದು ದಿನ, ಸುಲೈಮಾನಿ ಇನ್ನೊಂದು ದಿನ ಅಂತ ಮಾಡಿದೆ. ಇದರಲ್ಲಿ ಸ್ಪರ್ಧೆಯೇ ಇಲ್ಲ. ಒಂದೇ ಎಚ್ಚರಿಕೆ: ಹಾಲಿನ ಚಹಾಕ್ಕೆ ಕುದಿಸಿದಷ್ಟು ಹೊತ್ತು ಇದನ್ನು ಕುದಿಸಬೇಡಿ. ಹಾಲು ಒಗರನ್ನು ಹಿಡಿದುಕೊಳ್ಳುತ್ತದೆ, ಇಲ್ಲಿ ಹಿಡಿಯುವವರು ಯಾರೂ ಇಲ್ಲ. ನಾನೊಮ್ಮೆ ಮರೆತು ಹತ್ತು ನಿಮಿಷ ಬಿಟ್ಟಿದ್ದೆ. ಅಡಿಕೆ ಬೇಯಿಸಿದ ಚೊಗರು ಕುಡಿದ ಹಾಗಾಯಿತು. ಅಡಿಕೆಯ ಒಗರೂ ಚಹಾದ ಒಗರೂ ದಾಯಾದಿಗಳೇ, ಎರಡೂ ಟ್ಯಾನಿನ್.

ಗ್ರೀನ್ ಟೀಯನ್ನೂ ಇದೇ ಜಾಗಕ್ಕೆ ಪ್ರಯತ್ನಿಸಿದೆ. ಮೊದಲು ಕುದಿಯುವ ನೀರು ಹಾಕಿ ಕಹಿ ಮಾಡಿದೆ. ಆಮೇಲೆ 80 ಡಿಗ್ರಿಗೆ ಆರಿಸಿ ಹಾಕಿದೆ, ಕಹಿ ಹೋಯಿತು. ಪ್ಯಾಕೆಟ್ ಇನ್ನೂ ಮುಗಿದಿಲ್ಲ.

ಸಂಜೆಗೆ ಬರೋಣ. ಕಾರವಾರದ ಹೋಟೆಲಿನ ಖಡಕ್ ಚಹಾ, ಜೊತೆಗೆ ಬಿಸಿ ಬನ್ಸ್. ಈ ಚಹಾದ ಪುಡಿ ಸಿಟಿಸಿ, ಅಂದರೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ ಕಾಳು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಪದ್ಧತಿ. ಬೇಗ ಬಣ್ಣ ಬಿಡುತ್ತದೆ, ಹಾಲಿಗೂ ಸಕ್ಕರೆಗೂ ಹೆದರುವುದಿಲ್ಲ. ಇದರ ಎದುರು ನಾನು ನಿಲ್ಲಿಸಿದ್ದು ಅಕ್ಕನ ಮಗಳು ತಂದುಕೊಟ್ಟ ಡಾರ್ಜಿಲಿಂಗ್ ಎಲೆ. 2004ರಲ್ಲಿ ದೇಶದ ಮೊದಲ ಭೌಗೋಳಿಕ ಗುರುತು ಪಡೆದ ಚಹಾ, ಬೆಲೆ ಕೇಳಿದರೆ ಚಮಚ ನಡುಗುತ್ತದೆ. ಬನ್ಸ್ ಒಂದು ತುತ್ತು, ಡಾರ್ಜಿಲಿಂಗ್ ಒಂದು ಗುಟುಕು. ಏನೂ ಇಲ್ಲ! ಬಿಸಿನೀರು ಕುಡಿದ ಹಾಗೆ. ಎಣ್ಣೆ, ಬಾಳೆಹಣ್ಣಿನ ಸಿಹಿ, ಜೀರಿಗೆ ಎಲ್ಲ ಸೇರಿ ಅದನ್ನು ನುಂಗಿಬಿಟ್ಟವು. ಖಡಕ್ ಚಹಾ ಗೆದ್ದಿತು, ಅದೂ ಎರಡು ನಿಮಿಷದಲ್ಲಿ.

ಆದರೆ ಅದೇ ಎಲೆಯನ್ನು ಆಗಸ್ಟಿನಲ್ಲಿ ಶಿರಸಿಗೆ ಒಯ್ದೆ. ಮಧ್ಯಾಹ್ನ ನಾಲ್ಕಕ್ಕೆ ಮಳೆ ನಿಂತಿತ್ತು, ತೋಟದಿಂದ ಹನಿ ಬೀಳುವ ಸದ್ದು ಮಾತ್ರ. ಊಟವಾಗಿ ಮೂರು ತಾಸು ಆಗಿತ್ತು. ಜಗುಲಿಯಲ್ಲಿ ಕೂತು, ಕುದಿಸದೆ, ಬಿಸಿನೀರಿನಲ್ಲಿ 3 ನಿಮಿಷ ನೆನೆಸಿ, ಬರೀ ಅದನ್ನೇ ಕುಡಿದೆ. ಹೂವಿನ ವಾಸನೆ, ಆಮೇಲೆ ಹಣ್ಣಿನದು, ನುಂಗಿದ ಮೇಲೂ ಗಂಟಲಲ್ಲಿ ಸ್ವಲ್ಪ ಹೊತ್ತು ಇತ್ತು. ಆಯಿಗೆ ಕೊಟ್ಟೆ. ಕುಡಿದು, ಹಿತ್ತಲಿಗೆ ಹೋಗಿ ನಾಲ್ಕು ಎಸಳು ಮಜ್ಜಿಗೆಹುಲ್ಲು (ನಿಂಬೆಹುಲ್ಲು) ಕಿತ್ತು ತಂದಳು. ಅದನ್ನು ಗಂಟು ಹಾಕಿ ಮಾಮೂಲಿ ಪುಡಿಯ ಜೊತೆ ಕುದಿಸಿ ನನ್ನ ಮುಂದಿಟ್ಟು "ಇದಕ್ಕಿಂತ ಜಾಸ್ತಿ ಎಂತ ಇದ್ದು ಅದ್ರಲ್ಲಿ?" ಅಂದಳು. ಇದೆ ಆಯಿ, ಇದೆ. ಆದರೆ ದಿನಾ ಕುಡಿಯಲು ಮಜ್ಜಿಗೆಹುಲ್ಲಿನದೇ ಸರಿ, ಒಪ್ಪಿಕೊಂಡೆ. ತೊಡೆದೇವು ತಿಂದ ಮೇಲೂ ಅದರ ವಾಸನೆ ನಿಲ್ಲುತ್ತದೆ. ಸಕ್ಕರೆ ಮಾತ್ರ ಹಾಕಬೇಡಿ, ತೊಡೆದೇವಿನ ಸಿಹಿಯ ಮುಂದೆ ಅದು ಇದ್ದೂ ಇಲ್ಲದಂತೆ.

ಪಟ್ಟಿಯಲ್ಲಿ ಯಾವುದರ ಪಕ್ಕದಲ್ಲೂ ಕೂರದ್ದು ಮುಂಡಗೋಡಿನ ಬೆಣ್ಣೆ ಚಹಾ. 1966ರಿಂದ ಅಲ್ಲಿ ಟಿಬೆಟನ್ನರ ಕಾಲನಿ ಇದೆ. ಇಟ್ಟಿಗೆಯಂತೆ ಒತ್ತಿದ ಚಹಾವನ್ನು ತುಂಬಾ ಹೊತ್ತು ಕುದಿಸಿ, ಉಪ್ಪು, ಬೆಣ್ಣೆ ಹಾಕಿ ಕಡೆಯುತ್ತಾರೆ. ಹಿಂದೆ ಉದ್ದನೆಯ ಮರದ ಕೊಳವೆಯಲ್ಲಿ, ಈಗ ಮಿಕ್ಸರಿನಲ್ಲೂ. ಚಹಾ ಅಂದುಕೊಂಡು ಕುಡಿದ ಮೊದಲ ಗುಟುಕು ನುಂಗಲು ಧೈರ್ಯ ಬೇಕಾಯಿತು. ಸಾರು ಅಂದುಕೊಂಡು ಎರಡನೆಯದನ್ನು ಕುಡಿದೆ, ಸಲೀಸಾಗಿ ಇಳಿಯಿತು. ಡಿಸೆಂಬರಿನ ಚಳಿಯ ಬೆಳಗು, ತಿಂಡಿ ಆಗಿರಲಿಲ್ಲ, ಅದೂ ಸಹಾಯ ಮಾಡಿರಬೇಕು. ಒಂದು ವಿಷಯ ತಿಳಿದಿರಲಿ: ಅಲ್ಲಿ ಲೋಟ ಖಾಲಿ ಮಾಡಿದರೆ ಮತ್ತೆ ತುಂಬುತ್ತಾರೆ. ಬೇಡವಾದರೆ ತುಂಬಿದ ಲೋಟವನ್ನು ಹಾಗೇ ಇಟ್ಟುಕೊಂಡು ಹೊರಡುವಾಗ ಕುಡಿಯಬೇಕು. ನಾನು ತಿಳಿಯದೆ ಮೂರು ಲೋಟ ಕುಡಿದೆ.

ಈ ಮೇ ತಿಂಗಳಲ್ಲಿ ಕಾರವಾರದ ಬಾವಿ ಮತ್ತೆ ಸ್ವಲ್ಪ ಉಪ್ಪಾಗಿದೆ. ಹೋದ ವಾರ ಅದೇ ಕ್ಯಾನಿನಲ್ಲಿ ಈ ನೀರು ತುಂಬಿ ಶಿರಸಿಗೆ ಒಯ್ದೆ. ಆಯಿಗೆ ಹೇಳದೆ ಚಹಾದ ಪಾತ್ರೆಗೆ ಸುರಿದಿಟ್ಟೆ. ಅವಳು ಎಂದಿನಂತೆ ಶುಂಠಿ ಜಜ್ಜಿ ಹಾಕಿ, ಪುಡಿ ಹಾಕಿ, ಹಾಲು ಹಾಕಿ ಇಳಿಸಿದಳು. ಘಮ್ ಅಂತಲೇ ಇತ್ತು. ಕೈಗುಣವೇ ಇರಬಹುದು ಅಂತ ಬರೆದುಕೊಳ್ಳಲು ಪುಸ್ತಕ ತೆಗೆದೆ. "ಮೊದಲು ತಿಂದದ್ದು" ಅನ್ನುವ ಸಾಲಿಗೆ ಬಂದಾಗ ನೆನಪಾಯಿತು: ಬೆಳಿಗ್ಗೆ ಬಸ್ ಹತ್ತಿದ ಮೇಲೆ ನಾನು ಏನೂ ತಿಂದಿರಲಿಲ್ಲ.