ಮಣ್ಣಿನ ಪೈಪ್ ಚೂರುಗಳು: ಚೀಟಿ ಹೇಳೋದೇ ಬೇರೆ, ತೂತು ಹೇಳೋದೇ ಬೇರೆ

ಆನ್‌ಲೈನ್‌ನಲ್ಲಿ ತರಿಸಿದ್ದು. ಪೊಟ್ಟಣದಲ್ಲಿ 12 ಕೊಳವೆ ಚೂರು, ಪೈಪಿನ ತುದಿಯಲ್ಲಿ ತಂಬಾಕು ತುಂಬುವ ಒಂದು ಬಟ್ಟಲು, ಒಂದು ಚೀಟಿ. ಎಲ್ಲವೂ ಲಂಡನ್ನಿನ ಥೇಮ್ಸ್ ನದಿಯ ಕೆಸರಲ್ಲಿ ಸಿಕ್ಕ, ತಂಬಾಕು ಸೇದುವ ಬಿಳಿ ಜೇಡಿಮಣ್ಣಿನ ಪೈಪುಗಳದ್ದಂತೆ. 'ಒಂದನೇ ಎಲಿಜಬೆತ್ ರಾಣಿ ಕಾಲದ್ದು' ಅಂತ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾರೆ. ವಸ್ತುವಿಗೆ ಐದಕ್ಕೆ ಐದು, ಚೀಟಿಗೆ ಸೊನ್ನೆ.

ಬಟ್ಟಲು ನೋಡಿದಾಗಲೇ ಅನುಮಾನ ಬಂತು. ಆ ರಾಣಿ ತೀರಿಕೊಂಡದ್ದು 1603ರಲ್ಲಿ. ಆಗ ತಂಬಾಕು ಭಾರೀ ದುಬಾರಿ, ಹಾಗಾಗಿ ಬಟ್ಟಲು ಕಿರುಬೆರಳೂ ಇಳಿಯದಷ್ಟು ಪುಟ್ಟದಿರುತ್ತಿತ್ತು. ನನ್ನದರಲ್ಲಿ ತೋರುಬೆರಳು ಆರಾಮಾಗಿ ಇಳಿಯುತ್ತದೆ. ತಂಬಾಕು ಅಗ್ಗವಾದ ಮೇಲಿನ ಮಾಲು ಇದು, ಅಲ್ವಾ?

ಕೊಳವೆಯ ತೂತು ಅಳೆಯಲು ಡ್ರಿಲ್ ಬಿಟ್ ಡಬ್ಬಿ ತೆಗೆದೆ. ಉಪಾಯ ನನ್ನದಲ್ಲ, ಅಮೆರಿಕದ ಪುರಾತತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ ಅವರದು. ಕಾಲ ಕಳೆದಂತೆ ಕೊಳವೆಯ ತೂತು ಸಣ್ಣದಾಗುತ್ತಾ ಹೋಗಿದೆ ಅಂತ ಅವರು 1954ರಲ್ಲಿ ತೋರಿಸಿದರು. ಒಂದು ಇಂಚನ್ನು 64 ಪಾಲು ಮಾಡಿದರೆ 1600ರ ಹೊತ್ತಿಗೆ ತೂತು 9 ಪಾಲು, 1750ರ ನಂತರ 4. ಅಲ್ಲಿನ ಇನ್ನೊಬ್ಬ ಪುರಾತತ್ವಜ್ಞ ಲೂಯಿಸ್ ಬಿನ್‌ಫರ್ಡ್ 1962ರಲ್ಲಿ ಅದನ್ನೇ ಲೆಕ್ಕಕ್ಕಿಳಿಸಿದರು: ಸರಾಸರಿ ಪಾಲನ್ನು 38.26ರಿಂದ ಗುಣಿಸಿ, ಬಂದದ್ದನ್ನು 1931.85ರಲ್ಲಿ ಕಳೆದರೆ ಇಸವಿ ಸಿಗುತ್ತದೆ. ಎಷ್ಟು ಸಲೀಸು ನೋಡಿ.

ನನ್ನ ಏಳು ಚೂರಿಗೆ 5 ಪಾಲು ದಪ್ಪದ ಬಿಟ್ ಸರಿಹೋಯಿತು, ಮೂರಕ್ಕೆ 6ರದ್ದು, ಎರಡಕ್ಕೆ 4ರದ್ದು. ಉತ್ತರ 1737. ಈ ಲೆಕ್ಕ ಒಂದೇ ಕಡೆ ಸಿಕ್ಕ ರಾಶಿ ಚೂರುಗಳಿಗೆ ಮಾಡಿದ್ದು, ನನ್ನ ಹತ್ತಿರ ಇರುವುದು ಹನ್ನೆರಡೇ, ಅವೂ ಎಲ್ಲೆಲ್ಲಿಯವೋ, ಆದ್ದರಿಂದ ಇಸವಿ ಆಚೀಚೆ ಆಗಬಹುದು ಒಪ್ಪುತ್ತೇನೆ. ಆದರೂ 130 ವರ್ಷ?

ಚೀಟಿಯಲ್ಲಿ ಇನ್ನೊಂದು ಕತೆ ಇದೆ. ಹೆಂಡದಂಗಡಿಯಲ್ಲಿ ಒಂದೇ ಪೈಪ್ ಹತ್ತಾರು ಜನರ ಕೈಗೆ ಹೋಗುತ್ತಿತ್ತು, ಎಂಜಲಾಗಬಾರದು ಅಂತ ಪ್ರತಿಯೊಬ್ಬರೂ ತುದಿ ಮುರಿದು ಸೇದುತ್ತಿದ್ದರು ಅಂತ. ಕೇಳೋಕೆ ಚೆನ್ನಾಗಿದೆ, ಪುರಾವೆ ಇಲ್ಲ. ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಬೆಂಕಿಗೆ ಹಿಡಿದು ಚೊಕ್ಕ ಮಾಡುತ್ತಿದ್ದರು ಅನ್ನುವುದು ನಿಜ. ಕೊಳವೆ ಇಷ್ಟು ಮುರಿಯೋದು ಸುಮ್ನೆ ತೆಳ್ಳಗಿದೆ ಅಂತ ಅಷ್ಟೇ. ನಾನೇ ಒಂದನ್ನು ಬಿಟ್ ತುರುಕಲು ಹೋಗಿ ಎರಡು ಮಾಡಿದೆ.

ಇಷ್ಟಾದರೂ ವಾಪಸ್ ಕಳಿಸಲ್ಲ. ಬಟ್ಟಲ ಒಳಗೆ ಹೊಗೆಯ ಕಪ್ಪು ಇನ್ನೂ ಇದೆ. ಅದರ ಬುಡದಲ್ಲಿ ಹಿಮ್ಮಡಿಯಂತೆ ಚಾಚಿದ ಪುಟ್ಟ ಭಾಗದ ಎರಡೂ ಮಗ್ಗುಲಿಗೆ ಒಂದೊಂದು ಅಕ್ಷರ, ಮಾಡಿದವನ ಹೆಸರಿನದು. ಒಂದು ಸವೆದುಹೋಗಿದೆ, ಇನ್ನೊಂದು ಉಗುರಿಗೆ ತಾಗುತ್ತದೆ. ಅಚ್ಚಿನ ಎರಡು ಭಾಗ ಕೂಡಿದ ಗೆರೆಯೂ ಕಾಣುತ್ತದೆ.

ತಕರಾರು ಒಂದೇ. ಥೇಮ್ಸ್ ದಂಡೆಯಲ್ಲಿ ಏನೇ ಹುಡುಕಿ ಹೆಕ್ಕಬೇಕಾದರೂ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು. ಇದಕ್ಕೆ ಇತ್ತಾ ಅಂತ ಮಾರಿದವರಿಗೆ ಎರಡು ಸಲ ಮೆಸೇಜ್ ಹಾಕಿದೆ. ಎರಡನೆಯದಕ್ಕೆ ಒಂದು ನಗುಮುಖದ ಇಮೋಜಿ ಬಂತು.