ಸರಿ ಉತ್ತರ ಕೊಟ್ಟು ಕೆಟ್ಟೆ: ಸಕ್ಕರೆ ಕಾಯಿಲೆಯ ಪಾಠ ಹೇಳುವ ಆ್ಯಪ್, 14 ತಿಂಗಳ ಬಳಕೆಯ ನಂತರ

ಬೆಳಿಗ್ಗೆ ಐದೂವರೆಗೆ ಒಲೆಯ ಮೇಲೆ ಹಾಲಿಟ್ಟು ಕೈ ತೊಳೆದು ಒರೆಸಿಕೊಳ್ಳುತ್ತೇನೆ. ಉಂಗುರದ ಬೆರಳಿನ ತುದಿಗಲ್ಲ, ಪಕ್ಕಕ್ಕೆ ಚುಚ್ಚುತ್ತೇನೆ. ಅಲ್ಲಿ ನೋವು ಕಡಿಮೆ ಎಂದು ಹೇಳಿಕೊಟ್ಟದ್ದು ಈ ಆ್ಯಪ್. ಅಂಕಿ ದಾಖಲಿಸಿದ ಮೇಲೆ ಎರಡು ನಿಮಿಷದ ಪಾಠ, ಮೂರು ಪ್ರಶ್ನೆ. ಅಷ್ಟರಲ್ಲಿ ಹಾಲು ಉಕ್ಕಲು ಬಂದಿರುತ್ತದೆ. ಈ ಕ್ರಮ ತಪ್ಪಿದ್ದು ಮಗಳ ಮದುವೆಯ ವಾರ ಮಾತ್ರ.

ಆಸ್ಪತ್ರೆಯಲ್ಲಿ ಎಲ್ಲರ ಕೈಗೂ ಒಂದೇ ಕರಪತ್ರ ತುರುಕುತ್ತಾರಲ್ಲ, ಇದು ಹಾಗಲ್ಲ. ತಪ್ಪಿದ್ದನ್ನು ಮತ್ತೆ ಮತ್ತೆ ಕೇಳುತ್ತದೆ, ಗೊತ್ತಿರುವುದನ್ನು ಬಿಡುತ್ತದೆ. ನಾನು ಜಾರುವುದು ಮುದ್ದೆಯಲ್ಲಿ ಎಂದು ಎರಡನೇ ವಾರಕ್ಕೇ ಹಿಡಿಯಿತು. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ನಂಬಿ ಎರಡೆರಡು ಉಣ್ಣುತ್ತಿದ್ದೆ. ರಾಗಿಯಲ್ಲಿ ನಾರು, ಸುಣ್ಣದಂಶ ಹೆಚ್ಚು ನಿಜ, ಪಿಷ್ಟ ಮಾತ್ರ ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ ಎಂಬುದನ್ನು ಮಾತು ಬದಲಿಸಿ ಬದಲಿಸಿ ಕೇಳಿತು. ನಾನು ಒಪ್ಪದಿದ್ದಾಗ, ಊಟ ಶುರುಮಾಡಿದ ಎರಡು ಗಂಟೆಗೆ ನೀವೇ ಪರೀಕ್ಷಿಸಿ ನೋಡಿ ಎಂದಿತು. ಎರಡು ಮುದ್ದೆಯ ದಿನ 236. ಒಂದೇ ಮುದ್ದೆಗೆ ಬಸ್ಸಾರಿನ ಪಲ್ಯ ಹೆಚ್ಚು ಹಾಕಿಕೊಂಡ ದಿನ 171. ಜಗಳಕ್ಕೆ ಜಾಗವಿರಲಿಲ್ಲ.

ಇಷ್ಟಕ್ಕೇ ಬರೆದಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ.

ಪಾದವನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು ಎಂದು ಮೊದಲ ವಾರದಲ್ಲಿ ಕೇಳಿತ್ತು. 'ಪ್ರತಿದಿನ' ಎಂದು ಒತ್ತಿದೆ. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದ ಮೇಷ್ಟ್ರಿಗೆ ನಾಲ್ಕರಲ್ಲಿ ಸರಿ ಯಾವುದೆಂದು ಪಾಠ ಓದದೆಯೂ ಗೊತ್ತಾಗುತ್ತದೆ. ಹಸಿರು ಗುರುತು ಬಿತ್ತು. ಆ ಪಾಠ ಮತ್ತೆ ಬರಲಿಲ್ಲ. ನಾನೂ ಪಾದ ನೋಡಿಕೊಳ್ಳಲಿಲ್ಲ. ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕಿದೆ. ಅಂಗಾಲಿನಲ್ಲಿ ಗುಳ್ಳೆ ಎದ್ದು ಒಡೆದದ್ದು ತಿಳಿದದ್ದು ಮೂರನೇ ದಿನ, ಹೆಂಡತಿ ಹಾಸಿಗೆಯ ಮೇಲಿನ ಕಲೆ ತೋರಿಸಿದಾಗ. ನೋವೇ ಇರಲಿಲ್ಲ. ನರ ಮಂಕಾದರೆ ಗಾಯ ನೋಯುವುದಿಲ್ಲ ಎಂಬ ಪ್ರಶ್ನೆಗೂ ಸರಿ ಉತ್ತರ ಕೊಟ್ಟಿದ್ದೆನಲ್ಲ! ಐದು ವಾರ ಡ್ರೆಸ್ಸಿಂಗ್. ಖರ್ಚು ವರ್ಷದ ಚಂದಾದ ಮೂರುಪಟ್ಟು.

ತರಗತಿಯಲ್ಲಿ ನಾನು ಮಾಡಿದ್ದೂ ಇದನ್ನೇ. ಪಟಪಟನೆ ಉತ್ತರ ಹೇಳಿದವನನ್ನು ಬಿಟ್ಟು ಹಿಂದಿನ ಬೆಂಚಿನವನ ಬೆನ್ನು ಹತ್ತುತ್ತಿದ್ದೆ. ಹಾಗಾಗಿ ಕೋಪ ಪೂರ್ತಿ ಬರುವುದಿಲ್ಲ. ಆದರೂ, ಆ್ಯಪ್ ನಡೆಸುವವರು 'ಇಂದು ಪಾದ ನೋಡಿದಿರಾ?' ಎಂದು ದಿನಕ್ಕೊಮ್ಮೆ ಕೇಳುವಂತೆ ಮಾಡಬಹುದಿತ್ತು. ಎರಡು ಬಾರಿ ಬರೆದೆ. ಧನ್ಯವಾದ ಎಂದಷ್ಟೇ ಉತ್ತರ ಬಂತು.

ಚಂದಾ ಮುಂದುವರಿಸಿದ್ದೇನೆ. ಹಳೆಯ ಅಂಕಿಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಖಾತೆ ಅಳಿಸಿ, ಹೊಸಬನಂತೆ ನೋಂದಾಯಿಸಿಕೊಂಡೆ. ಈಗ ಪಾದದ ಪ್ರಶ್ನೆ ಬಂದಾಗಲೆಲ್ಲ ಬೇಕೆಂದೇ 'ತಿಂಗಳಿಗೊಮ್ಮೆ' ಎಂದು ಒತ್ತುತ್ತೇನೆ. ಅದು ಬೇಸರಿಸದೆ ಮೊದಲಿನಿಂದ ಪಾಠ ಶುರುಮಾಡುತ್ತದೆ. ನಾನು ಒಲೆ ಸಣ್ಣ ಮಾಡಿ, ಸ್ಟೂಲಿನ ಮೇಲೆ ಕುಳಿತು, ಕ್ಷೌರದ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಮೂರು ನಕ್ಷತ್ರ.