ಮೂರೆಳೆ ನೈಲಾನ್ ಹಗ್ಗ: ವರ್ಷಗಟ್ಟಲೆ ಉಪ್ಪುನೀರಲ್ಲಿ ಬಳಸಿದ ಮೇಲೆ

ಲಂಗರಿಗೂ, ದೋಣಿ ಕಟ್ಟಿ ನಿಲ್ಲಿಸುವುದಕ್ಕೂ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು 14 ಮಿ.ಮೀ. ದಪ್ಪದ ಮೂರೆಳೆ ನೈಲಾನ್ ಹಗ್ಗ. ಕೊಳ್ಳುವಾಗ ಎಲ್ಲರ ಕಣ್ಣು ಹೋಗುವುದು ಅದು ಎಷ್ಟು ಕಿಲೋಗೆ ಹರಿಯುತ್ತದೆ ಅನ್ನುವುದರ ಮೇಲೆ. ಆದರೆ ನಾನು ಕಂಡ ಹಾಗೆ, ಹಗ್ಗ ಸಾಯುವುದು ಭಾರಕ್ಕಲ್ಲ, ಉಜ್ಜಾಟಕ್ಕೆ.

ನೈಲಾನ್ ಚೆನ್ನಾಗಿ ಹಿಗ್ಗುತ್ತದೆ. ಅಲೆ ದೋಣಿಯನ್ನು ಜಗ್ಗಿದಾಗ ಆ ಪೆಟ್ಟನ್ನು ಹಗ್ಗವೇ ನುಂಗುತ್ತದೆ, ಗೂಟಕ್ಕೂ ದೋಣಿಗೂ ತಾಗುವುದು ಕಡಿಮೆ. ಇದೊಂದಕ್ಕೇ ನನಗೆ ಇದು ಇಷ್ಟ. ಒದ್ದೆಯಾದರೆ ಶಕ್ತಿ ಶೇ. 10ರಿಂದ 15ರಷ್ಟು ಇಳಿಯುತ್ತದೆ, ಹಾಗಾಗಿ ಒಂದು ಸೈಜ್ ಹೆಚ್ಚು ದಪ್ಪದ್ದನ್ನೇ ಕೊಳ್ಳಿ. ಗಂಟು ಹಾಕಿದರಂತೂ ಅರ್ಧದಷ್ಟು ಶಕ್ತಿ ಹೋಗಬಹುದು. ತುದಿಯ ಕುಣಿಕೆಯನ್ನು ಎಳೆ ಹೆಣೆದೇ ಮಾಡಬೇಕು.

ದೋಣಿಯ ಅಂಚಿನ ಮೇಲೆ ಹಗ್ಗ ಬಾಗುವ ಜಾಗದಲ್ಲಿ ಮೊದಲು ಹೊರಗೆ ನಯವಾದ ನವಿರು ಏಳುತ್ತದೆ. ಅದಕ್ಕೆ ಗಾಬರಿ ಬೇಡ, ಒಳಗಿನ ಎಳೆಗೆ ಅದೇ ಹೊದಿಕೆ. ಹಗ್ಗವನ್ನು ಹುರಿಗೆ ಎದುರಾಗಿ ತಿರುವಿ ಎಳೆ ಬಿಡಿಸಿ ನೋಡಿ. ಒಳಗೆ ಬಿಳಿ ಪುಡಿ ಕಂಡು, ನಾರು ಮುರಿದಿದ್ದರೆ ಎಳೆಗಳು ಒಂದನ್ನೊಂದು ತಿಂದಿವೆ ಎಂದರ್ಥ. ಉಪ್ಪಿನ ಹರಳೂ ಸೇರಿ ಅರೆಯುತ್ತದೆ. ಅಂಥ ಹಗ್ಗ ಹೊರಗೆ ಎಷ್ಟೇ ಚೆನ್ನಾಗಿರಲಿ, ನಾನು ಲಂಗರಿಗೆ ಬಳಸುವುದಿಲ್ಲ. ಸಿಹಿನೀರಲ್ಲಿ ಆಗಾಗ ತೊಳೆದರೆ ಬಾಳಿಕೆ ಜಾಸ್ತಿ. ಉಜ್ಜುವ ಕಡೆ ಪೈಪಿನ ತುಂಡಿಗಿಂತ ನೇಯ್ದ ಬಟ್ಟೆಯ ಹೊದಿಕೆ ಮೇಲು. ಅದರೊಳಗೆ ನೀರು ಇಳಿದು ಹಗ್ಗವನ್ನು ತಣ್ಣಗಿಡುತ್ತದೆ. ಪೈಪಿನೊಳಗೆ ಬಿಸಿ ಕಟ್ಟಿಕೊಂಡರೆ ನೈಲಾನ್ ಸೋಲುತ್ತದೆ.

ದೂರು ಒಂದಿದೆ. ಹಳೆಯದಾದಂತೆ ಹಗ್ಗ ಸೆಟೆದುಕೊಳ್ಳುತ್ತದೆ, ಸುತ್ತಿಡಲು ಕೈ ನೋಯುತ್ತದೆ.

ಹಾಯಿ ಏರಿಸಲು ಪಾಲಿಯೆಸ್ಟರ್ ವಾಸಿ. ಹಿಗ್ಗುವುದು ಕಡಿಮೆ, ನೆನೆದರೂ ಶಕ್ತಿ ಕುಗ್ಗುವುದಿಲ್ಲ, ಬಿಸಿಲನ್ನೂ ತಡೆಯುತ್ತದೆ. ಪಾಲಿಪ್ರೊಪಿಲೀನ್ ತೇಲುತ್ತದೆ, ನೀರಿಗೆ ಬಿದ್ದವರಿಗೆ ಎಸೆಯಲು ಅದೇ ಬೇಕು. ಆದರೆ ಬಿಸಿಲಲ್ಲಿ ಬಿಟ್ಟರೆ ಬೇಗ ಪುಡಿಯಾಗಿ, ಚೂರು ಅಂಗೈಗೆ ಚುಚ್ಚುತ್ತದೆ. ಡೈನೀಮಾ ಎಂಬ ವಿಶೇಷ ಪಾಲಿಎಥಿಲೀನ್ ನಾರಿನ ಹಗ್ಗ ತೂಕಕ್ಕೆ ಹೋಲಿಸಿದರೆ ಉಕ್ಕಿಗಿಂತ ಎಷ್ಟೋ ಗಟ್ಟಿ, ನೀರಲ್ಲಿ ತೇಲುತ್ತದೆ ಕೂಡ. ಆದರೆ ಹಿಗ್ಗದು, ಜಾರುತ್ತದೆ, ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಲಂಗರಿಗೆ ಅದು ಸಲ್ಲದು.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಬಿಗಿಯಾಗಿ ಹಿಗ್ಗಿದ ನೈಲಾನ್ ಹರಿದರೆ ಚಾಟಿಯ ಹಾಗೆ ಹಿಂದಕ್ಕೆ ಬೀಸುತ್ತದೆ, ಜೀವವೇ ಹೋಗಬಹುದು. ಎಳೆತ ಇರುವಾಗ ಆ ಹಗ್ಗದ ನೇರಕ್ಕೆ ಯಾರನ್ನೂ ನಿಲ್ಲಲು ಬಿಡಬೇಡಿ.